ಫಾರ್ವರ್ಡ್ ಮೀಮಾಂಸೆ

ಒಬ್ಬರಿಂದ ಬಂದ ಸಂದೇಶವನ್ನು ಓದದೆ, ಓದಿದರೂ ಅರ್ಥದ ಗೊಡವೆಗೆ ಹೋಗದೆ, ಬಂದ ರೂಪದಲ್ಲೇ ಹಲವರಿಗೆ ದಾಟಿಸುವ ಕ್ರಿಯೆಗೆ ಈ ಪ್ರಬಂಧದಲ್ಲಿ ಪುನಃಪ್ರೇಷಣವೆಂದೂ, ಅದನ್ನು ನಿತ್ಯಕರ್ಮವಾಗಿ ಆಚರಿಸುವವನಿಗೆ ಪ್ರೇಷಕನೆಂದೂ ಹೆಸರು. ಶ್ರವಣ, ಮನನ, ನಿದಿಧ್ಯಾಸನಗಳೆಂದು ವೇದಾಂತಿಗಳು ಹೇಳುವ ಮೂರು ಮೆಟ್ಟಿಲುಗಳಲ್ಲಿ ನಡುವಿನದನ್ನು ಕಿತ್ತುಹಾಕಿ, ಕೊನೆಯದರ ಜಾಗದಲ್ಲಿ ಹೆಬ್ಬೆರಳನ್ನು ಕೂರಿಸಿದ್ದೇ ಈ ಶಾಸ್ತ್ರದ ಸಾಧನೆ.

ಈ ಕರ್ಮವು ಮೊಬೈಲಿನೊಂದಿಗೆ ಹುಟ್ಟಿತೆಂಬ ಪೂರ್ವಪಕ್ಷ, ಅಂದರೆ ಖಂಡಿಸಲೆಂದೇ ಎತ್ತಿಕೊಳ್ಳುವ ಎದುರುವಾದ, ನಿಲ್ಲತಕ್ಕದ್ದಲ್ಲ. ದೇವರ ಮಹಿಮೆಯನ್ನು ನಕಲು ಮಾಡಿ ಹತ್ತಾರು ಜನಕ್ಕೆ ಅಂಚೆಗೆ ಹಾಕಿದವನಿಗೆ ನಿಧಿ ಸಿಕ್ಕಿತು, ಹರಿದೆಸೆದವನು ರಕ್ತ ಕಾರಿದ ಎಂದು ಬೆದರಿಸುವ ಕಾರ್ಡುಗಳು ಹಿಂದೆಯೇ ಊರೂರು ಸುತ್ತುತ್ತಿದ್ದವು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುವ ಸುದ್ದಿ ದೂರವಾಣಿಯ ತಂತಿ ಹಿಡಿದೇ ದೇಶ ದಾಟಿತು. ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ವಾಪಸು ಕಳಿಸಲೆಂದು 1990ರ ದಶಕದ ಬೆಂಗಳೂರಿನಲ್ಲಿ ಮನೆಮನೆಯವರು ‘ನಾಳೆ ಬಾ’ ಎಂದು ಬಾಗಿಲಿಗೆ ಬರೆದದ್ದಂತೂ ಶುದ್ಧ ಪುನಃಪ್ರೇಷಣ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ಭರವಸೆ ಅಂದು ಎಲ್ಲರಿಗೂ ಇತ್ತೆಂಬುದನ್ನು ಭಾಷಾಭಿಮಾನಿಗಳು ಗಮನಿಸಬೇಕು.

ಪ್ರಾತಃಕಾಲದ ವಿಧಿಗೆ ಕುಟುಂಬದ ವಾಟ್ಸ್ಆ್ಯಪ್ ಗ್ರೂಪೇ ಯಜ್ಞಶಾಲೆ. ಆರು ಗಂಟೆಗೆ ಅಲ್ಲಿ ಇಳಿಯುವ ಶುಭೋದಯದ ಚಿತ್ರದಲ್ಲಿ ಒಂದು ಗುಲಾಬಿ, ಹಬೆಯಾಡುವ ಕಾಫಿ ಲೋಟ, ವಿವೇಕಾನಂದರು ಎಂದೂ ಆಡಿರದ ಒಂದು ಮಾತು, ಮೂಲೆಯಲ್ಲಿ ಅರ್ಧ ಕತ್ತರಿಸಿದ ಇನ್ನಾವುದೋ ಗ್ರೂಪಿನ ಹೆಸರು ಇರುತ್ತವೆ. ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಮತ್ತೆ ಏರಿಸಿದ್ದರಿಂದ ಅಕ್ಷರಗಳು ಮಸುಕಾದಷ್ಟೂ ಅದರ ಪ್ರಾಚೀನತೆ, ಆದ್ದರಿಂದ ಪ್ರಾಮಾಣ್ಯ, ಹೆಚ್ಚುತ್ತದೆ. ಆಪ್ತವಾಕ್ಯ, ಎಂದರೆ ನಂಬತಕ್ಕವರ ಮಾತು, ಇಲ್ಲಿ ಪ್ರಮಾಣವಾಗುವುದು ಕಳಿಸಿದವರು ದೊಡ್ಡಮಾವನೆಂಬ ಕಾರಣಕ್ಕೇ ಹೊರತು ದೊಡ್ಡಮಾವನಿಗೆ ಯಾರು ಕಳಿಸಿದರೆಂಬುದರಿಂದಲ್ಲ. 2016ರಲ್ಲಿ ಬಂದ ಎರಡು ಸಾವಿರದ ನೋಟಿನಲ್ಲಿ, ನೆಲದಡಿ 120 ಮೀಟರ್ ಆಳದಲ್ಲಿ ಹೂತರೂ ಪತ್ತೆಯಾಗುವ ಚಿಪ್ ಇದೆಯೆಂಬ ವಾರ್ತೆ ಈ ಬಲದಿಂದಲೇ ಮನೆಮನೆ ತಲುಪಿತು. ಚಿಪ್ ಇರಲೇ ಇಲ್ಲ, 2023ರಲ್ಲಿ ನೋಟನ್ನೂ ಚಲಾವಣೆಯಿಂದ ಹಿಂತೆಗೆದುಕೊಳ್ಳಲಾಯಿತು, ಆದರೂ ವಾರ್ತೆ ಕಳಿಸಿದವರಾರೂ ಅದನ್ನು ಹಿಂತೆಗೆದುಕೊಂಡದ್ದು ಕಾಣದು.

ಶಾಸ್ತ್ರಕ್ಕೆ ನಗು ಬಾರದ ಅಧ್ಯಾಯವೂ ಒಂದಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಹರಡಿ, 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ದಾರಿಹೋಕರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಇಂಥ ಸಾವುಗಳು ದೇಶದ ನಾನಾ ಕಡೆ ನಡೆದ ಆ ವರ್ಷವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಎಂಬ ಮಿತಿಯನ್ನು ತಂದಿತು. 2020ರಲ್ಲಿ, ಬಹಳ ಕೈ ಬದಲಾಯಿಸಿ ಜೋಡಿ ಬಾಣದ ಗುರುತು ಪಡೆದ ಸಂದೇಶಗಳಿಗೆ ಅದು ಒಂದಕ್ಕಿಳಿಯಿತು.

ನಿಷ್ಠಾವಂತ ಪ್ರೇಷಕರು ಇದನ್ನು ನಿಷೇಧವೆಂದು ಭಾವಿಸದೆ ತಪಸ್ಸೆಂದು ಸ್ವೀಕರಿಸಿದರು. ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಬಾಣವೂ ಬೀಳದು, ಮಿತಿಯೂ ತಗಲದು. ಸಂದೇಶ ಪುನರ್ಜನ್ಮ ಪಡೆದು, ಕಳಿಸಿದವನ ಸ್ವಂತ ಚಿಂತನೆಯ ಕಾಂತಿಯಿಂದ ಬೆಳಗುತ್ತದೆ. ಯಾರಾದರೂ ಆಧಾರ ಕೇಳಿದರೆ ‘ಬಂದದ್ದನ್ನು ಕಳಿಸಿದ್ದೇನೆ ಅಷ್ಟೇ’ ಎಂಬ ಮಂತ್ರದಿಂದ ಸಕಲ ಪಾಪ ಪರಿಹಾರ. ಕೇಳಿದವನಿಗೆ ಮಾತ್ರ ಮುಂದಿನ ಮದುವೆಯಲ್ಲಿ ‘ದೊಡ್ಡ ಬುದ್ಧಿವಂತ ಬಂದ’ ಎಂಬ ಬಿರುದು ಖಚಿತ.

ಸಂದೇಶಕ್ಕೆ ಮರುನುಡಿಯಾಗಿ ಬರುವ ಕೈಮುಗಿದ ಚಿತ್ರದ ಅರ್ಥದಲ್ಲಿ ಪಂಡಿತರಿಗೆ ಒಮ್ಮತವಿಲ್ಲ: ‘ಒಪ್ಪಿದೆ’ ಎಂದು ಕೆಲವರು, ‘ಸಾಕು ಮಾರಾಯ’ ಎಂದು ಕೆಲವರು, ‘ಓದಿಲ್ಲ’ ಎಂದು ಉಳಿದವರು. ಮೊಳದುದ್ದದ ಸಂದೇಶಕ್ಕೂ ಅದು ಎರಡೇ ಸೆಕೆಂಡಿನಲ್ಲಿ ಬಂದುಬಿಡುವುದರಿಂದ ಮೂರನೆಯ ಪಕ್ಷವೇ ಪ್ರಬಲವೆಂದು ತೋರುತ್ತದೆ.