ಬೇಸಿಗೆ ಪಾಳಿ: ಅಜ್ಜಿ-ತಾತಂದಿರ ಸುರಕ್ಷತಾ ಕೈಪಿಡಿ

ಬೆಳಗಿನ ರೈಲಿಗೆ ಮಗ-ಸೊಸೆಯನ್ನೋ ಮಗಳು-ಅಳಿಯನನ್ನೋ ಬೆಂಗಳೂರಿಗೆ ಕಳಿಸಿ, ಮೊಮ್ಮಕ್ಕಳೊಂದಿಗೆ ಮನೆಯಲ್ಲಿ ಉಳಿಯುವ ಹಿರಿಯರಿಗಾಗಿ ಈ ಕೈಪಿಡಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ, ಎಲ್ಲ ಸ್ಟೇಷನ್ನಿನವರಿಗೂ ಅನ್ವಯ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ದುಡಿಯುವ ವಯಸ್ಸಿನವರಲ್ಲಿ ಬಹಳಷ್ಟು ಮಂದಿ ರೈಲು ಹತ್ತಿದರು. ಊರಲ್ಲಿ ಉಳಿದ ಕಾಯಂ ನೌಕರಿ ಮೊಮ್ಮಕ್ಕಳನ್ನು ನೋಡಿಕೊಳ್ಳುವುದೊಂದೇ. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಅದರಲ್ಲಿ ವಾರದ ರಜೆ ಇಲ್ಲ, ಓಟಿ ಇಲ್ಲ, ಯೂನಿಯನ್ನಂತೂ ಇಲ್ಲವೇ ಇಲ್ಲ.

ಪಾಳಿ ಆರಂಭ. ಮಕ್ಕಳು ಎದ್ದ ಕೂಡಲೇ "ಇವತ್ತು ಏನ್ ಮಾಡೋಣ?" ಎಂದು ಅಪ್ಪಿತಪ್ಪಿಯೂ ಕೇಳಬೇಡಿ. ಕೇಳಿದಿರೋ, ಮೊಬೈಲ್ ಕೊಡಬೇಕಾಗುತ್ತದೆ. ಬದಲಿಗೆ, ನೀವೇ ಏನೋ ಘನಕಾರ್ಯದಲ್ಲಿ ಮುಳುಗಿದವರಂತೆ ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿ ಸುರಿದುಕೊಂಡು ಕೂತುಬಿಡಿ. ಕೋಲಾರ ಜಿಲ್ಲೆಯಲ್ಲಿ ಬೇಸಿಗೆಗೆ ಹುಣಸೆಗೆ ಬರವಿಲ್ಲ. ಹತ್ತು ನಿಮಿಷಕ್ಕೆ ಒಬ್ಬ ಬಂದು ಕೂರುತ್ತಾನೆ. "ಮುಟ್ಟಬೇಡ, ನಿನಗೆ ಬರಲ್ಲ" ಅನ್ನಿ. ಇಪ್ಪತ್ತು ನಿಮಿಷಕ್ಕೆ ಪಕ್ಕದ ಮನೆಯ ಮಕ್ಕಳೂ ಸೇರಿ ಸಿಪ್ಪೆ ಬಿಡಿಸಿ, ನಾರು ಎಳೆದು, ಬೀಜ ತೆಗೆಯುತ್ತಿರುತ್ತಾರೆ. ಮಕ್ಕಳ ದುಡಿಮೆ ಎಂದು ಯಾರಾದರೂ ಆಕ್ಷೇಪಿಸಿದರೆ, ಅವರು ತಿಂದು ಮುಗಿಸಿದ ಹಣ್ಣಿನ ಲೆಕ್ಕ ತೋರಿಸಿ.

ಬೀಜ ಎಸೆಯಬೇಡಿ. ಅಸಲು ಸರಂಜಾಮು ಅದೇ. ದಪ್ಪನೆಯ ನಾಲ್ಕು ಬೀಜ ಆರಿಸಿ, ಒಂದು ಮಗ್ಗುಲನ್ನು ಮಾತ್ರ ಚಪ್ಪಡಿ ಕಲ್ಲಿಗೆ ಉಜ್ಜಲು ಹೇಳಿ. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವಷ್ಟರಲ್ಲಿ ಬೆರಳು ಸೋತು ಅರ್ಧ ಗಂಟೆ ಕಳೆದಿರುತ್ತದೆ. ಉಜ್ಜಿದ ಬೀಜ ಕಾದಿರುತ್ತದೆ ಎಂಬ ಸಂಗತಿಯನ್ನು ಮಾತ್ರ ನೀವಾಗಿ ಹೇಳಬೇಡಿ. ದೊಡ್ಡವನು ತಾನೇ ಕಂಡುಹಿಡಿದು ತಂಗಿಯ ತೋಳಿಗೆ ಚುರ್ ಎನಿಸುತ್ತಾನೆ. ಎರಡನೇ ಬೀಜಕ್ಕೆ ತಂಗಿ ಸೇಡು ತೀರಿಸಿಕೊಳ್ಳುತ್ತಾಳೆ. ಮೂರನೆಯದಕ್ಕೆ ನೀವು ಮಧ್ಯೆ ಪ್ರವೇಶಿಸಿ, ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದು ಚೌಕಾಬಾರ ಶುರು ಮಾಡಿ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಮೋಸಕ್ಕೆ ಅವಕಾಶ ಇರಲಿ. ಜಗಳವಿಲ್ಲದ ಚೌಕಾಬಾರ ಊಟದ ಹೊತ್ತಿನವರೆಗೆ ಬಾಳುವುದಿಲ್ಲ.

ಅಪಾಯದ ವಲಯ. ಸೈನೈಡ್ ಗುಡ್ಡಕ್ಕೆ ಕಳಿಸಬೇಡಿ. ಈ ಒಂದು ನಿಯಮದಲ್ಲಿ ತಮಾಷೆ ಇಲ್ಲ. ಅದಿರು ಅರೆದು ಚಿನ್ನ ತೆಗೆದ ಮೇಲೆ ನೂರಿಪ್ಪತ್ತು ವರ್ಷ ಸುರಿದ ಪುಡಿ ಅದು, ಮೂರು ಕೋಟಿ ಟನ್‌ಗೂ ಹೆಚ್ಚು. ಗಾಳಿ ಬೀಸಿದರೆ ಮೂಗಿಗೆ ಬರುವುದೂ ಅದೇ ಪುಡಿ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಹುಡುಗರಿಗೆ ಅದು ಗುಡ್ಡವಲ್ಲ, ಸೆಟ್ಟು. ಆ ಸಿನಿಮಾದ ಹೀರೋನ ಹೆಸರೆತ್ತಿ "ರಾಕಿ ಭಾಯ್ ಹೋಗಿದ್ದ" ಅನ್ನುತ್ತಾರೆ. "ರಾಕಿ ಭಾಯ್‌ಗೆ ಅಜ್ಜಿ ಇರಲಿಲ್ಲ" ಎಂದು ಹೇಳಿ ಬಾಗಿಲ ಚಿಲಕ ಹಾಕಿ.

ಮಧ್ಯಾಹ್ನ, ಕರೆಂಟ್ ಇಲ್ಲದಾಗ. ಇದು ಕಠಿಣ ಪಾಳಿ. ಫ್ಯಾನ್ ನಿಂತಿದೆ, ಶೀಟಿನ ಮನೆ ಕಾದಿದೆ, ಮಕ್ಕಳು ನೆಲದ ಮೇಲೆ ಹೊರಳಾಡುತ್ತಿವೆ. ಈಗ ತಾತ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕು. ಶಿವನಸಮುದ್ರದಿಂದ ಈ ಊರಿಗೆ ಕರೆಂಟ್ ಬಂದದ್ದು 1902ರಲ್ಲಿ, ಬೆಂಗಳೂರಿಗೆ ಬಂದದ್ದು ಆಮೇಲೆ 1905ರಲ್ಲಿ ಎಂದು ಗತ್ತಿನಿಂದ ಹೇಳಲಿ. "ಆಗ ಬಂದಿದ್ದು ಈಗ ಎಲ್ಲಿ ಹೋಯ್ತು?" ಎಂದು ಮಕ್ಕಳು ಕೇಳುತ್ತಾರೆ. ಉತ್ತರಿಸದೆ ತಕ್ಷಣ ಗಣಿಗೆ ಇಳಿದುಬಿಡಿ. ಮೂರು ಕಿಲೋಮೀಟರಿಗಿಂತ ಆಳ, ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು ಎಂದರೆ ಈ ಮನೆಯ ಸೆಕೆ ಕ್ಷಣಕಾಲ ತಂಪೆನಿಸುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ ನ್ಯೂಟ್ರಿನೊ ಪ್ರಯೋಗಿಸಿ. ಭೂಮಿಯನ್ನೇ ತೂರಿ ಹೋಗುವ ಆ ಕಣವನ್ನು 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ ಹಿಡಿದರು. ಮೇಲಿನ ಬಂಡೆ ಬೇರೆ ಬಹುತೇಕ ಕಣಗಳನ್ನು ತಡೆಯುತ್ತಿತ್ತು. ಈಗಲೂ ನಿನ್ನ ಮೈಯೊಳಗಿಂದ ಕೋಟಿಗಟ್ಟಲೆ ಹೋಗ್ತಿವೆ, ಅಲ್ಲಾಡದೆ ಮಲಗಿದರೆ ಮಾತ್ರ ಗೊತ್ತಾಗುತ್ತೆ ಅನ್ನಿ. ಮೊದಲರ್ಧ ನಿಜ, ಎರಡನೆಯದು ಅಜ್ಜಿಯ ಸೇರ್ಪಡೆ. ಕೆಲವು ಮಕ್ಕಳು ಇದಕ್ಕೇ ನಿದ್ದೆ ಹೋಗಿವೆ.

ಹೊರಸಂಚಾರ. ಪ್ಯಾಸೆಂಜರ್ ರೈಲಿನಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ, ವಾಪಸ್ಸು. ಹಳಿ ಅಲ್ಲಿಗೇ ಮುಗಿಯುವುದರಿಂದ ನಿಮಗೆ ಜೋಂಪು ಹತ್ತಿದರೂ ಮಕ್ಕಳು ಚೆನ್ನೈ ಸೇರುವ ಭಯವಿಲ್ಲ.

ಸಂಜೆ: ಪಾನಿಪುರಿ ಕಾರ್ಖಾನೆ. ಬಂಗಾರಪೇಟೆಯ ಪಾನಿಪುರಿ ನೀರು ನಲ್ಲಿ ನೀರಿನಷ್ಟೇ ತಿಳಿ. ಬಾಯಿಗೆ ಬಿದ್ದ ಮೇಲೇ ಗೊತ್ತಾಗುವುದು ಅದರ ಖಾರ. ಅಂಗಡಿಯವರು ಗುಟ್ಟು ಬಿಡುವುದಿಲ್ಲ, ಆದ್ದರಿಂದ ಸಂಶೋಧನೆಗೆ ಇಡೀ ಬೇಸಿಗೆ ಸಾಲದು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒರಳಿಗೆ ಹಾಕಿ ಜಜ್ಜಿ ಕೊಡಿ; ಕುದಿಸುವುದೋ ನೆನೆಸುವುದೋ, ಎಷ್ಟು ಸಲ ಸೋಸುವುದೋ ಅವರೇ ತೀರ್ಮಾನಿಸಲಿ. ಮೊದಲ ದಿನ ನೀರು ಹಸಿರಾಗುತ್ತದೆ. ಎರಡನೇ ದಿನ ಸೋಸಲು ನಿಮ್ಮ ಒಳ್ಳೆಯ ಪಂಚೆ ಹೋಗುತ್ತದೆ. ಮೆಣಸಿನಕಾಯಿ ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಜವಾಬ್ದಾರಿ.

ನೀರು ತಿಳಿಯಾದ ದಿನ ಅದನ್ನು ಸ್ಟೀಲ್ ಚೊಂಬಿಗೆ ತುಂಬಿ, ಮುಚ್ಚಿ, ಕುಡಿಯುವ ನೀರಿನ ಮಡಕೆಯ ಪಕ್ಕದಲ್ಲಿಡಿ. ಎಂಟು ಗಂಟೆಗೆ ರೈಲಿನಲ್ಲಿ ನಿಂತೇ ಬಂದ ಮಗ "ಅಮ್ಮಾ, ನೀರು" ಎಂದು ಕೈ ಚಾಚುತ್ತಾನೆ. ಮಕ್ಕಳು ಬಾಗಿಲ ಮರೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತವೆ. ಯಾವ ಚೊಂಬು ಕೊಡಬೇಕೆಂಬುದನ್ನು ಈ ಕೈಪಿಡಿ ತಮ್ಮ ವಿವೇಚನೆಗೆ ಬಿಟ್ಟಿದೆ.