ಆರೂವರೆ ಕೋಟಿ ತಿಂಡಿ

ಬಂಡೀಪುರಕ್ಕೆ ಹೊರಟವರು ಗುಂಡ್ಲುಪೇಟೆಯಲ್ಲಿ ತಿಂಡಿಗೆ ನಿಲ್ಲುವುದು ವಾಡಿಕೆ. ನಿಂತ ಮೇಲೆ ತಿನ್ನಬೇಕು. ನಾನು ಮಗ್ಗಿ ಶುರು ಮಾಡಿದೆ.

ಮಾಣಿ ಒಂದೇ ಉಸಿರಿಗೆ ಇಡ್ಲಿ, ಸೆಟ್ ದೋಸೆ, ಮಸಾಲೆ ದೋಸೆ, ಪೂರಿ, ಖಾರಾಬಾತ್ ಎಂದು ಒದರಿದ. ಐದು. ವಡೆ ಬೇಕೋ ಬೇಡವೋ? ಐದೆರಡ್ಲ ಹತ್ತು. ಕಾಫಿ, ಟೀ, ಹಾಲು, ಹತ್ಮೂರ್ಲ ಮೂವತ್ತು. ಸಕ್ಕರೆ ಹಾಕಿಯೋ ಹಾಕದೆಯೋ? ಅರವತ್ತು! "ನೋಡಪ್ಪಾ, ಒಬ್ಬರಿಗೇ ಅರವತ್ತು ಬಗೆ ತಿಂಡಿ ಇಟ್ಟಿದ್ದೀರಿ" ಎಂದೆ. ಮಾಣಿ ಹೆಗಲ ಮೇಲಿನ ಬಟ್ಟೆ ತೆಗೆದು ಟೇಬಲ್ ಒರೆಸಿದ. ನಾವು ನಾಲ್ವರು, ಒಬ್ಬರ ಮಾತು ಇನ್ನೊಬ್ಬರು ಕೇಳುವವರಲ್ಲ. ಹಾಗಾಗಿ ಅರವತ್ತನ್ನು ನಾಲ್ಕು ಸಲ ಇಟ್ಟು ಗುಣಿಸಬೇಕು. ಯಾರೋ ಬಿಟ್ಟುಹೋದ ಬಿಲ್ಲಿನ ಬೆನ್ನ ಮೇಲೆ ಬರೆದೆ: 1,29,60,000.

ಮಾಣಿ ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾ, "ವಡೆ ಸಾಂಬಾರಲ್ಲಿ ಅದ್ದಿ ಕೊಡ್ಲಾ, ಬರೀದಾ ಸಾ?" ಎಂದ.

ಅಯ್ಯೋ ಪುಣ್ಯಾತ್ಮ! ವಡೆಯ ಎರಡು ಈಗ ಮೂರಾಯಿತಲ್ಲ. ಅರವತ್ತು ತೊಂಬತ್ತಾಯಿತು, ನಾಲ್ವರಿಗೆ 6,56,10,000. ವಡೆ ಒಮ್ಮೆ ಸಾಂಬಾರಿಗೆ ಬಿದ್ದದ್ದಕ್ಕೆ ಹೆಚ್ಚುವರಿ 5,26,50,000 ತಿಂಡಿ. ಮಗಳು ಪಕ್ಕದ ಟೇಬಲ್ಲಿಗೆ ಹೋಗಿ, ಬೇರೆಯವರ ಮನೆಯ ಹುಡುಗಿಯ ಹಾಗೆ ಕೂತಳು.

ಇದು ನನ್ನೊಬ್ಬನ ಚಟವಲ್ಲ ಸ್ವಾಮಿ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಬೆರೆತರೆ ಎಷ್ಟು ಬಗೆ ಎಂದು ಕೇಳಿದ್ದಾರೆ. ಒಂದೊಂದೇ ಆದರೆ 6, ಎರಡೆರಡು 15, ಮೂರುಮೂರು 20. ಎಲ್ಲ ಸೇರಿ 63. ಇಂಥ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನೂ ಕೊಟ್ಟರು. ಅವರ ಎದುರು ಮಾಣಿ ನಿಂತಿರಲಿಲ್ಲ, ಅಷ್ಟೇ ವ್ಯತ್ಯಾಸ.

"ನಾಲ್ಕು ಪ್ಲೇಟ್ ಇಡ್ಲಿ, ನಾಲ್ಕು ಕಾಫಿ" ಎಂದಳು ಹೆಂಡತಿ. ಒಳಗಿನಿಂದ ಕೂಗು ಬಂತು: "ಖಾರಾಬಾತ್ ಬುಟ್ಟು ಎಲ್ಲಾ ಆಗೋಯ್ತು!" ವಡೆಯೂ ಹೋಯಿತು, ಹಾಲೂ ಹೋಯಿತು. ತಿಂದೆವು, ಚೆನ್ನಾಗಿತ್ತು.

ಕಾಡಿನಲ್ಲಿ ಆನೆ, ಕಾಟಿ, ಕಡವೆ, ಜಿಂಕೆ, ಹುಲಿ ಕಾಣುವುದು–ಕಾಣದಿರುವುದು ಸೇರಿ 32 ಬಗೆ ಎಂದು ಬಾಯಿ ತೆರೆದೆ, ಯಾರೂ ಕೇಳಲಿಲ್ಲ. ಕಂಡದ್ದು ಜಿಂಕೆ. ಮತ್ತೆ ರಸ್ತೆ ಬದಿ ಕಾರು ನಿಲ್ಲಿಸಿ, ಕೋತಿಗೆ ಚಿಪ್ಸ್ ತಿನ್ನಿಸುತ್ತಾ ಫೋಟೊ ತೆಗೆಸಿಕೊಳ್ಳುವ ಒಂದು ಸಂಸಾರ. ಅವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯಲಿಲ್ಲ.

ಅವರಂಥವರೇ, ಈ ಕಾಡಿನ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿದರೆ ಊಟಿಗೂ ಸುಲ್ತಾನ್ ಬತ್ತೇರಿಗೂ ದಾರಿಯಿಲ್ಲ ಎಂದು ಗೊಣಗುವುದು. 2009ಕ್ಕೆ ಮುಂಚೆ ರಾತ್ರಿಯಿಡೀ ಲಾರಿ ಓಡುತ್ತಿದ್ದವು. ಹೆಡ್‌ಲೈಟಿಗೆ ಕಣ್ಣು ಕೋರೈಸಿ ನಿಂತ ಜಿಂಕೆಗೆ ಎಷ್ಟು ಬಗೆ ಇತ್ತು? ಆ ಒಂಬತ್ತು ಗಂಟೆ ಕಾಡಿನ ಪ್ರಾಣಿಗಳಿಗಿರಲಿ. ಉಳಿದ ಹದಿನೈದು ಗಂಟೆಯಲ್ಲಿ ಹೋಗುವವರು ದಯವಿಟ್ಟು ಕಾರಿನಿಂದ ಇಳಿಯಬೇಡಿ, ಚಿಪ್ಸ್ ಪೊಟ್ಟಣ ಮನೆಗೇ ತನ್ನಿ.