ಎಸ್ಕಲೇಶನ್ ರಾಯರು

ಅಹಮದಾಬಾದಿನ ಚಾಂದ್‌ಖೇಡಾದ ಯಾವ ಸೊಸೈಟಿ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಗಾಂಧಿನಗರದ ಇನ್ಫೋಸಿಟಿಯಲ್ಲೋ ಎಸ್.ಜಿ. ಹೆದ್ದಾರಿಯಲ್ಲೋ, ಅಮೆರಿಕದ ಆಡಿಟರುಗಳ ಲೆಕ್ಕ ಬರೆದುಕೊಡುವ ಕಂಪನಿಯಲ್ಲಿ ಕೆಲಸ. ನಮ್ಮವರ ಊರು ಧಾರವಾಡ. ಆಫೀಸಿಗೆ ರಾವ್‌ಭಾಯ್, ನಮಗೆ ಎಸ್ಕಲೇಶನ್ ರಾಯರು.

ರಾಯರ ಪಂಚಾಂಗವೇ ಬೇರೆ. ಮಾರ್ಚಿನ ಎರಡನೇ ಭಾನುವಾರ ಅಮೆರಿಕದ ಗಡಿಯಾರ ಒಂದು ತಾಸು ಮುಂದಕ್ಕೆ ಜಿಗಿಯುವುದೇ ಅವರ ಯುಗಾದಿ. ಏಪ್ರಿಲ್ 15ರ ತೆರಿಗೆ ಗಡುವೇ ಗ್ರಹಣ. ಅದು ಬಿಡುವ ತನಕ ಊಟ, ಸ್ನಾನ ಎಲ್ಲ ಪೆಂಡಿಂಗ್. ಜನವರಿ 14ರ ಉತ್ತರಾಯಣದ ರಾತ್ರಿ ಎಂಟಕ್ಕೆ, ನ್ಯೂಯಾರ್ಕಿನ ಬೆಳಗಿನ ಒಂಬತ್ತೂವರೆಗೆ, ಕ್ಲೈಂಟ್ ಕಾಲ್ ಬಂತು. ರಾಯರು ಗಾಳಿಪಟದ ಗದ್ದಲದ ನಡುವೆ ಮಾಳಿಗೆಯಲ್ಲೇ ಹೆಡ್‌ಸೆಟ್ ಏರಿಸಿದರು.

“ಟೀಮ್ ಎಲ್ಲಿ?”

“ಪೂರ್ತಿ ಇಲ್ಲೇ ಇದೆ, ಮೇಡಂ.” ಸುಳ್ಳಲ್ಲ, ದಾರ ಹಿಡಿದು ನಿಂತಿತ್ತು.

“ಅದೇನು ಕೂಗಾಟ?”

“ಟಾರ್ಗೆಟ್ ಮುಟ್ಟಿದ ಖುಷಿ, ಮೇಡಂ.” ಆ ಟಾರ್ಗೆಟ್ ಪಕ್ಕದ ಮನೆಯವರ ಪಟ.

ರಾತ್ರಿಯೆಲ್ಲ ವೆಂಡರ್ ಆಗಿ ಬಗ್ಗಿದ ರಾಯರು ಬೆಳಿಗ್ಗೆ ಹಾಲಿನವನಿಗೆ ಕ್ಲೈಂಟ್ ಆಗಿ ನೆಟ್ಟಗಾಗುತ್ತಾರೆ.

“ಇಪ್ಪತ್ತು ನಿಮಿಷ ತಡ. ರೂಟ್ ಕಾಸ್ ಏನು?”

“ಎಮ್ಮೆ ಒದೀತು, ಸಾಹೇಬ್.”

“ಮತ್ತೆ ಹೀಗಾಗದಂತೆ ಏನು ಕ್ರಮ?”

“ನಾಳೆಯಿಂದ ನಿಮ್ಮ ಮನೆಗೆ ಬರೋದಿಲ್ಲ.”

ಕ್ಯಾನು ಎತ್ತಿಕೊಂಡು ಅವನು ಹೊರಟೇಬಿಟ್ಟ. ಮೆಟ್ಟಿಲಿಳಿದು ಓಡಿ, ಕ್ಷಮೆ ಕೇಳಿ, ಹಬ್ಬದ ಎಳ್ಳುಂಡಿ ಕೊಟ್ಟು ಕರೆತಂದವರು ರಾಯರ ಮಡದಿ.

“ಅಲ್ರೀ, ಅಮೆರಿಕಾದಾಕಿ ರಾತ್ರಿ ನಿಮಗ ಕೇಳಿದ್ದನ್ನ ಮುಂಜಾನೆ ಇವಂಗ್ಯಾಕ ಕೇಳ್ತೀರಿ? ಇವಂಗ ಇಡೀ ಸೊಸೈಟಿ ಗಿರಾಕಿ. ನಿಮಗ ಆಕಿ ಒಬ್ಬಾಕಿ.”

ಎಷ್ಟೋ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಹೊಳೆಯದ್ದು ರಾಯರಿಗೆ ಆ ಕ್ಷಣ ಹೊಳೆಯಿತು. ಎಸ್‌ಎಲ್‌ಎ ಎಂಬ ಸೇವಾ ಕರಾರಿನಲ್ಲಿ ದಂಡದ ಕಲಮು ಎಷ್ಟೇ ಇರಲಿ, ಬಿಟ್ಟು ಹೋಗಲು ಧೈರ್ಯ ಇರುವವನ ಮಾತೇ ನಡೆಯುವುದು. ಮುಂದಿನ ತ್ರೈಮಾಸಿಕ ರಿವ್ಯೂಗೆ ಹೊಸ ಸ್ಲೈಡ್ ಸೇರಿಸಿದರು: “ಅಪಾಯ: ನಮ್ಮ ಪ್ರೊಸೆಸ್ಸಿಗೆ ಇರುವುದು ಒಂದೇ ಎಮ್ಮೆ. ಅದೂ ಒದೆಯುತ್ತದೆ.”

ಗುಜರಾತಿ ಬಾಸ್ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದರು.

“ರಾವ್‌ಭಾಯ್, ಹಾಲು ಕೊಡ್ತದಲ್ಲ? ಒದೆಸಿಕೊಳ್ಳೋದಕ್ಕೇ ನಿಮಗೆ ಸಂಬಳ.”